ಕಿವಿ ಇದ್ದ ವಾಲ್ವು

ಇದು ನಡೆದದ್ದು. ಕಥೆ ಕಟ್ಟುತ್ತಿದ್ದಾನೆ ಅನ್ನಿಸಿದವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಮೇಂಟೆನೆನ್ಸ್ ನೋಡಿಕೊಳ್ಳುವವನು. ಸದ್ದಿಗೆ ಕಾರಣ ಹುಡುಕುವುದೇ ನನ್ನ ಹೊಟ್ಟೆಪಾಡು. ಕಿರ್ ಅಂದರೆ ಬೇರಿಂಗು, ಟಪಟಪ ಅಂದರೆ ಬೆಲ್ಟು, ಗುಂಯ್ ಅಂದರೆ ಮೋಟಾರು. ಕಾರಣವಿಲ್ಲದ ಸದ್ದು ಅನ್ನುವುದೇ ಈ ಲೋಕದಲ್ಲಿಲ್ಲ ಎಂದು ಕ್ಯಾಂಟೀನಿನಲ್ಲಿ ಎಷ್ಟೋ ಜನರ ಜೊತೆ ವಾದ ಮಾಡಿದ್ದೇನೆ. ಈಗ ಮಾಡುವುದಿಲ್ಲ.

ಎಲ್ಲ ಶುರುವಾಗಿದ್ದು ಒಂದು ಜೊತೆ ಸ್ಪೀಕರಿನಿಂದ. ನಮ್ಮ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಒಂದು ಹಳೇ ಫ್ಯಾಕ್ಟರಿ ಮುಚ್ಚಿತು. ಅದರ ಸಭಾಂಗಣದಲ್ಲಿದ್ದ ಎರಡು ದೊಡ್ಡ ಸ್ಪೀಕರುಗಳು ಗುಜರಿಯವನ ಪಾಲಾಗಿದ್ದವು. ಸೊಂಟದೆತ್ತರದ ಮರದ ಪೆಟ್ಟಿಗೆ, ಒಳಗೆ ಕಾಗದದ ಕೋನು, ಮೇಲೆ ಕಹಳೆಯಂಥ ಬಾಯಿ. ನೋಡಿದ ತಕ್ಷಣ ಬಿಟ್ಟುಬರಲಾಗಲಿಲ್ಲ. ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಟಿ. ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಗೆ ತಂದೆ. ಎರಡನೇ ಮಹಡಿ. ಹತ್ತಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು.

ನನ್ನ ಹೆಂಡತಿ ಸವಿತಾ ಗದಗಿನ ಕಡೆಯವಳು. ತುಮಕೂರು ರಸ್ತೆಯ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಕೆಲಸ, ಹೆಚ್ಚಾಗಿ ಸಂಜೆ ಡ್ಯೂಟಿ. ಅವಳು ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇವು ಸ್ಪೀಕರ್ ಏನ್ರೀ? ನಾ ಕಪಾಟು ತಂದೀರಿ ಅನ್ಕೊಂಡೆ. ಒಳಗ ಬಟ್ಟಿ ಇಡಾಕಾದ್ರೂ ಬರ್ತಾವೇನು?"

ಆದರೆ ಮನೆಯಲ್ಲಿದ್ದ ಸಾಮಾನ್ಯ ಆಂಪ್ಲಿಫೈಯರಿಗೆ ಅವನ್ನು ಜೋಡಿಸಿದರೆ ಹಾಡೆಲ್ಲ ತಗಡು ಬಡಿದ ಹಾಗೆ ಕೇಳುತ್ತಿತ್ತು. ತಪ್ಪು ಸ್ಪೀಕರಿನದಲ್ಲ. ಆ ಕಾಲದ ಸ್ಪೀಕರುಗಳನ್ನು ಮಾಡಿದ್ದೇ ವಾಲ್ವ್ ಆಂಪ್ಲಿಫೈಯರುಗಳಿಗೆ. ಗಾಜಿನ ಬುರುಡೆಗಳು ಕೆಂಪಗೆ ಉರಿಯುತ್ತವಲ್ಲ, ಅಂಥವು. ಸಾಲದ್ದಕ್ಕೆ ಇವು ಹದಿನಾರು ಓಮಿನ ಸ್ಪೀಕರುಗಳು. ಈಗಿನ ಆಂಪುಗಳ ಹಿಂದೆ ನಾಲ್ಕು, ಎಂಟು ಅಂತ ಬರೆದಿರುತ್ತದೆ, ಹದಿನಾರರ ಜಾಗವೇ ಇರುವುದಿಲ್ಲ. ಜೋಡಿ ಸರಿಹೋಗದಿದ್ದರೆ ಯಾವ ಸ್ಪೀಕರೂ ಬಾಯಿಬಿಡುವುದಿಲ್ಲ.

ಹುಡುಕುತ್ತಾ ಹೋದಾಗ ವೆಂಕಟೇಶ್ ಸಿಕ್ಕರು. ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಿಂದ ನಿವೃತ್ತರಾಗಿ, ಪೀಣ್ಯ ಎರಡನೇ ಹಂತದ ಮನೆಯ ತಾರಸಿಯಲ್ಲಿ ಶೀಟಿನ ಶೆಡ್ ಹಾಕಿಕೊಂಡು ವಾಲ್ವ್ ಆಂಪು ಕಟ್ಟುತ್ತಿದ್ದರು. ಮಾತಿನ ಮಲ್ಲ. ತಮ್ಮ ಆಂಪುಗಳ ಬಗ್ಗೆ, ಮದುವೆಗೆ ಬಂದ ಹೆಣ್ಣುಮಕ್ಕಳ ಬಗ್ಗೆ ಮಾತಾಡುವಂತೆಯೇ ಮಾತಾಡುತ್ತಿದ್ದರು.

"ಗಂಡನ್ನ ನೋಡದೇ ಹುಡುಗಿ ಕೊಡಲ್ಲ ಸಾರ್. ಸ್ಪೀಕರ್ ಎತ್ಕೊಂಡ್ ಬನ್ನಿ, ಇಲ್ಲೇ ಕೂರಿಸಿ ಕೇಳೋಣ. ಒಪ್ಪಿದ್ರೆ ಉಂಟು, ಇಲ್ಲಾಂದ್ರೆ ಕಾಫಿ ಕುಡ್ಕೊಂಡ್ ಹೋಗಿ," ಅಂದರು.

ಮತ್ತೆ ಗೂಡ್ಸ್ ಆಟೋ, ಮತ್ತೆ ಮೆಟ್ಟಿಲು. ಅವರಲ್ಲಿ ಎರಡು ಆಂಪುಗಳಿದ್ದವು. ಒಂದು ದೊಡ್ಡದು, ಹೊರುವುದಕ್ಕೆ ಇಬ್ಬರು ಬೇಕು. ಇನ್ನೊಂದು ಟಿಫನ್ ಕ್ಯಾರಿಯರಿನಷ್ಟು ಚಿಕ್ಕದು. ದೊಡ್ಡದರಲ್ಲಿ ಹಾಡು ಅಬ್ಬರಿಸಿತು, ಶೆಡ್ಡಿನ ಶೀಟು ಅದುರಿತು, ಅಷ್ಟೇ. ಚಿಕ್ಕದನ್ನು ಹಾಕಿದಾಗ ಮಾತ್ರ... ಹಾಡುವ ಹೆಂಗಸು ಪಲ್ಲವಿಗೆ ಮುಂಚೆ ಉಸಿರೆಳೆದುಕೊಂಡದ್ದು ಕೇಳಿತು. ತುಟಿ ಬಿಚ್ಚಿದ್ದು ಕೇಳಿತು. ನನ್ನ ತೋಳಿನ ಮೇಲೆ ರೋಮಗಳು ಎದ್ದು ನಿಂತವು.

"ನೋಡಿದ್ರಾ? ಈ ಸ್ಪೀಕರಿಗೆ ಜೋರು ಬೇಕಿಲ್ಲ ಸಾರ್. ಇರುವೆ ನಡೆದ್ರೂ ಕೂಗಿ ಹೇಳುತ್ತೆ. ಇದಕ್ಕೆ ಚಿಕ್ಕದೇ ಸರಿಯಾದ ಜೋಡಿ. ಹದಿನಾರು ಓಮಿನ ಜಾಗಾನೂ ಇದೆ, ನಾನೇ ಸುತ್ತಿದ ಟ್ರಾನ್ಸ್‌ಫಾರ್ಮರು."

ಕೊಡುವ ಮುಂಚೆ ಪೆನ್ಸಿಲ್ ತೆಗೆದುಕೊಂಡು ಒಂದೊಂದೇ ವಾಲ್ವನ್ನು ಮೆಲ್ಲಗೆ ತಟ್ಟಿದರು. ಈ ಕೆಲಸ ಬಲ್ಲವರೆಲ್ಲ ಮಾಡುವ ಪರೀಕ್ಷೆ ಅದು. ವಾಲ್ವು ಸರಿಯಿದ್ದರೆ ಸ್ಪೀಕರಿನಲ್ಲಿ ಏನೂ ಬರುವುದಿಲ್ಲ. ಎಡಗಡೆಯ ಚಿಕ್ಕ ವಾಲ್ವನ್ನು ತಟ್ಟಿದಾಗ ಎಡ ಸ್ಪೀಕರು ಗಂಟೆಯಂತೆ ಠಣ್ ಅಂದಿತು.

"ಇದಕ್ಕೆ ಕಿವಿ ಇದೆ," ಅಂದರು ವೆಂಕಟೇಶ್, ಮುಖ ಸಣ್ಣದು ಮಾಡಿಕೊಂಡು. "ಅಂದ್ರೆ ರೂಮಿನ ಸದ್ದನ್ನ ಮೈಕ್ ಥರ ಹಿಡ್ಕೊಳುತ್ತೆ. ಬದಲಾಯಿಸಿ ಕೊಡ್ತೀನಿ ಇರಿ."

ಬೇರೆ ವಾಲ್ವ್ ಹಾಕಿದರು. ಹಾಡಿನಿಂದ ಆ ಉಸಿರು ಹೊರಟುಹೋಯಿತು. ನನಗೆ ತಡೆಯಲಾಗಲಿಲ್ಲ. ಹಳೆಯದನ್ನೇ ಹಾಕಿ, ಕಿವಿ ಇದ್ದರೆ ಇರಲಿ ಅಂದೆ. ವಾಲ್ವಿನ ಹುಚ್ಚಿರುವವರು ಮಾತ್ರ ಮಾಡುವ ತಪ್ಪು ಇದು. ಕೆಟ್ಟದ್ದು ಅಂತ ಗೊತ್ತಿದ್ದೂ, ದನಿ ಚೆನ್ನಾಗಿದೆ ಅಂತ ಮನೆಗೆ ತರುವುದು.

ಮೊದಲ ಕೆಲವು ದಿನ ನಾನು ನೆಲದ ಮೇಲೇ ಇರಲಿಲ್ಲ. ಡ್ಯೂಟಿ ಮುಗಿಸಿ ಬಂದು, ಆಂಪು ಹಾಕಿ, ದೀಪ ಆರಿಸಿ ಕೂರುತ್ತಿದ್ದೆ. ವಾಲ್ವು ಬಿಸಿಯಾಗುವವರೆಗೆ ಹಾಡು ಹಾಕಬಾರದು. ಆ ಹೊತ್ತಿನಲ್ಲಿ ಕತ್ತಲೆಯ ಕೋಣೆ, ಕೆಂಪು ಬೆಳಕು, ಟ್ರಾನ್ಸ್‌ಫಾರ್ಮರಿನ ಬಿಸಿ ವಾರ್ನಿಷಿನ ವಾಸನೆ. ದೂರದಲ್ಲಿ ಮೆಟ್ರೋ ಹೋದರೆ ಕಿಟಕಿಯ ಗಾಜು ಸಣ್ಣಗೆ ನಡುಗುವುದು.

ಅಂಥ ಒಂದು ಸಂಜೆ, ಸವಿತಾ ಡ್ಯೂಟಿಯಲ್ಲಿದ್ದಳು. ನಾನಿನ್ನೂ ಹಾಡು ಹಾಕಿರಲಿಲ್ಲ. ಪ್ಲೇಯರಿನ ಸ್ವಿಚ್ಚನ್ನೇ ಒತ್ತಿರಲಿಲ್ಲ.

ಎಡ ಸ್ಪೀಕರಿನಿಂದ ಸ್ಟೀಲ್ ಲೋಟ ಬಿದ್ದ ಸದ್ದು ಬಂತು... ಠಣ್... ಆಮೇಲೆ ಉರುಳಿತು... ಉರುಳಿ ಉರುಳಿ ಏನಕ್ಕೋ ತಾಗಿ ನಿಂತಿತು.

ಅಡಿಗೆಮನೆಗೆ ಓಡಿದೆ. ಲೋಟಗಳೆಲ್ಲ ಸ್ಟ್ಯಾಂಡಿನಲ್ಲಿ ಬೋರಲಾಗಿ ಕೂತಿದ್ದವು. ಕೆಳಗಿನ ಮನೆಯಲ್ಲಿ ಬಿದ್ದಿರಬೇಕು, ವಾಲ್ವಿನ ಕಿವಿಗೆ ಕೇಳಿದೆ ಅಂದುಕೊಂಡೆ. ಕಾರಣ ಸಿಕ್ಕಿತಲ್ಲ, ಆರಾಮಾಗಿ ಹಾಡು ಕೇಳಿದೆ.

ಮರುದಿನ ಬೆಳಿಗ್ಗೆ ಸವಿತಾ ಚಹಾ ಸೋಸುವಾಗ ಕೈಜಾರಿ ಲೋಟ ಬಿತ್ತು. ಠಣ್ ಅಂದಿತು. ಉರುಳಿತು. ಉರುಳಿ ಉರುಳಿ ಗ್ಯಾಸ್ ಸಿಲಿಂಡರಿಗೆ ತಾಗಿ ನಿಂತಿತು. ಅದೇ ಉರುಳಾಟ, ಅದೇ ಕೊನೆಯ ಟಿಣ್. ದಿನವಿಡೀ ಯಂತ್ರಗಳ ಸದ್ದು ಕೇಳುವ ಕಿವಿ ಇದು, ಎರಡು ಸದ್ದು ಒಂದೇ ಹೌದೋ ಅಲ್ಲವೋ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

"ಯಾಕ್ರೀ, ಲೋಟಾ ಬಿದ್ದಿದ್ದಕ್ಕ ಹಂಗ್ಯಾಕ ನೋಡಾಕತ್ತೀರಿ?" ಅಂದಳು. ನಾನು ಏನೂ ಇಲ್ಲ ಅಂದೆ.

ಮತ್ತೊಂದು ಸಂಜೆ ಅದೇ ಎಡ ಸ್ಪೀಕರಿನಲ್ಲಿ ರೆಕ್ಕೆ ಬಡಿದ ಸದ್ದು... ಪಟಪಟಪಟ... ಅದರ ಹಿಂದೆಯೇ ಸವಿತಾಳ ನಗು. "ಅಯ್ಯ, ಹೋಗ ಅತ್ತಾಗ!" ಅವಳು ಆಗ ನರ್ಸಿಂಗ್ ಹೋಮಿನಲ್ಲಿದ್ದಳು. ತಕ್ಷಣ ಫೋನ್ ಮಾಡಿದೆ. ಲ್ಯಾಬಿನಲ್ಲಿ ತುಂಬ ಕೆಲಸ, ಆಮೇಲೆ ಮಾತಾಡ್ತೀನಿ ಅಂತ ಇಟ್ಟುಬಿಟ್ಟಳು. ಆ ಭಾನುವಾರ ಕಿಟಕಿಯಿಂದ ಒಂದು ಪಾರಿವಾಳ ಒಳಗೆ ನುಗ್ಗಿತು. ಅವಳು ಟವೆಲ್ ಬೀಸಿ ಓಡಿಸುತ್ತಾ ನಕ್ಕಳು. ಅದೇ ನಗು. "ಅಯ್ಯ, ಹೋಗ ಅತ್ತಾಗ!"

ವೆಂಕಟೇಶರಿಗೆ ಫೋನ್ ಮಾಡಿದೆ.

"ಕಿವಿ ಇದೆ ಅಂದಿದ್ನಲ್ಲ ಸಾರ್. ರೂಮಲ್ಲಿ ಆಗಿದ್ದನ್ನೆಲ್ಲ ಹಿಡ್ಕೊಳುತ್ತೆ," ಅಂದರು.

"ಆಗಿದ್ದನ್ನ ಸರಿ ಸಾರ್. ಇನ್ನೂ ಆಗದೇ ಇರೋದನ್ನ?"

"ನಿದ್ದೆ ಸರಿಯಾಗಿ ಆಗ್ತಿಲ್ವಾ ಸಾರ್?" ಅಂದರು. "ಆ ವಾಲ್ವ್ ತಂದ್ಕೊಡಿ. ಯಾವ್ದೋ ಹಳೇ ಡಬ್ಬದಲ್ಲಿದ್ದಿದ್ದು ಅದು, ಎಲ್ಲಿಂದ ಬಂತೋ ನಂಗೂ ಗೊತ್ತಿಲ್ಲ. ಬೇರೆ ಹಾಕ್ತೀನಿ."

ನಾಳೆಯೇ ಕೊಟ್ಟುಬಿಡುವುದು ಅಂತ ತೀರ್ಮಾನ ಮಾಡಿದೆ. ಆದರೆ ಆ ಸಂಜೆ ಮನೆಗೆ ಬಂದವನಿಗೆ ಕೊನೆಯ ಸಲ ಒಮ್ಮೆ ಕೇಳಿಬಿಡೋಣ ಅನ್ನಿಸಿತು. ಇನ್ನೇನು ಹೇಳುತ್ತದೋ ನೋಡೋಣ ಅನ್ನುವ ಕೆಟ್ಟ ಆಸೆ. ಕೆಟ್ಟ ಆಸೆಯೇ ಅದು, ಬೇರೆ ಹೆಸರಿಲ್ಲ.

ಸವಿತಾ ಡ್ಯೂಟಿಯಲ್ಲಿದ್ದಳು. ದೀಪ ಆರಿಸಿದೆ. ಪ್ಲೇಯರಿನ ತಂತಿಯನ್ನೇ ಕಿತ್ತು ಪಕ್ಕಕ್ಕಿಟ್ಟೆ, ಆಮೇಲೆ ಅದು ಹಾಡಿನ ಸದ್ದು ಅಂತ ಯಾರೂ ಅನ್ನಬಾರದು. ವಾಲ್ವುಗಳು ಕೆಂಪಾದವು. ವಾರ್ನಿಷಿನ ವಾಸನೆ ಅವತ್ತು ಗಂಟಲಿಗೆ ಹತ್ತುವಷ್ಟು ಗಾಢವಾಗಿತ್ತು. ಬಲ ಸ್ಪೀಕರು ಸುಮ್ಮನಿತ್ತು. ಎಡದ್ದು ಮಾತ್ರ ಸಣ್ಣಗೆ... ಯಾರೋ ಉಸಿರಾಡಿದ ಹಾಗೆ...

ಕಿರ್ರ್ರ್... ಟಕ್, ಟಕ್.

ಚಿಲಕ. ಬಾಗಿಲಿನ ಚಿಲಕವನ್ನು ಯಾರೋ ಒಳಗಿನಿಂದ ಎಳೆದು ಹಾಕಿದರು. ಬಿಗಿಯಾದ, ಹೊಸ ಚಿಲಕದ ಸದ್ದು. ನಾನು ಬಾಗಿಲ ಕಡೆ ನೋಡಿದೆ. ನಮ್ಮ ಮನೆಯದು ಸವೆದುಹೋದ ಅಲ್ಯೂಮಿನಿಯಂ ಚಿಲಕ, ಕೈಯಿಟ್ಟರೆ ಲೊಡಲೊಡ ಅನ್ನುವಂಥದ್ದು. ಅದು ಹಾಗೇ ತೆರೆದಿತ್ತು.

ಸ್ಪೀಕರಿನೊಳಗೆ ಬರಿಗಾಲಿನ ಹೆಜ್ಜೆಗಳು ಬಂದವು. ಹಿಮ್ಮಡಿ ಎಳೆದು ನಡೆಯುವ ಹೆಜ್ಜೆ. ಒಂದು ಕೆಮ್ಮು. ತನ್ನ ಕೆಮ್ಮು ಯಾರಿಗೆ ಗುರುತು ಸಿಗುವುದಿಲ್ಲ? ಅದು ನನ್ನದು.

ಕುರ್ಚಿ ಕಿರುಗುಟ್ಟಿತು. ನಾನು ಕೂತಿದ್ದ ಇದೇ ಕುರ್ಚಿ. ಆಗ ನಾನು ಅಲುಗಾಡಿರಲಿಲ್ಲ, ಉಸಿರೂ ಬಿಟ್ಟಿರಲಿಲ್ಲ... ಆಮೇಲೆ "ಹಾ..." ಅಂತ ಒಂದು ಸಣ್ಣ ದನಿ. ನೋವಿನದೋ, ಆಶ್ಚರ್ಯದ್ದೋ ತಿಳಿಯಲಿಲ್ಲ. ಹಿಂದೆಯೇ ದೊಪ್ಪಂತ ಭಾರವಾದದ್ದೇನೋ ಬಿತ್ತು.

ಆಮೇಲೆ ಏನೂ ಇಲ್ಲ. ಬರೀ ಗುಂಯ್... ಎಷ್ಟು ಹೊತ್ತು ಹಾಗೆ ಕೂತಿದ್ದೆನೋ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಬಾಗಿಲು ತಟ್ಟಿದ ಸದ್ದು. ಮೊದಲು ಮೆಲ್ಲಗೆ.

"ರೀ... ಬಾಗ್ಲಾ ತಗೀರಿ."

ಸವಿತಾ. ಸ್ಪೀಕರಿನೊಳಗೆ.

"ರೀ... ಮಲ್ಗೀರೇನು? ಚಿಲಕಾ ಯಾಕ ಹಾಕ್ಕೊಂಡೀರಿ? ತಗೀರಿ..." ತಟ್ಟುವುದು ಬಡಿಯುವುದಾಯಿತು. "ರೀ! ಬಾಗ್ಲಾ ತಗೀರಿ! ಏನಾತ್ರೀ? ರೀ!"

ಕೆಳಗಿನಿಂದ ಯಾರೋ ಧಡಧಡ ಹತ್ತಿ ಬಂದರು. ನಮ್ಮ ಓನರ್ ಕೆಂಪಣ್ಣನವರ ದನಿ. "ಅತ್ಲಾಗ್ ಸರ್ಕಳಮ್ಮ... ಒಡೀತೀನಿ... ಏಯ್ ಮೂರ್ತಿ! ಮೂರ್ತೀ!"

ಮೂರ್ತಿ ಅಂದರೆ ನಾನು.

ಹೇಗೆ ಎದ್ದೆನೋ ಗೊತ್ತಿಲ್ಲ, ಆಂಪಿನ ಸ್ವಿಚ್ ಆರಿಸಿದೆ. ಆದರೆ ವಾಲ್ವ್ ಆಂಪು ಆರಿಸಿದ ತಕ್ಷಣ ಸುಮ್ಮನಾಗುವುದಿಲ್ಲ. ಒಳಗೆ ಉಳಿದ ಕರೆಂಟು ಮುಗಿಯುವವರೆಗೆ ಸ್ವಲ್ಪ ಹೊತ್ತು ಹಾಡುತ್ತಲೇ ಇರುತ್ತದೆ, ದನಿ ಕುಗ್ಗುತ್ತಾ, ಕುಗ್ಗುತ್ತಾ. ಆರಿಸಿದ ಮೇಲೂ ನನ್ನ ಹೆಂಡತಿ ಅಳುತ್ತಿದ್ದಳು... "ರೀ... ತಗೀರಿ..." ದೂರ ದೂರ ಹೋದಳು... ಕೊನೆಗೆ ಕೇಳಿಸಲಿಲ್ಲ.

ಬಾಗಿಲನ್ನು ಹಾರುಹೊಡೆದು ತೆರೆದೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಹುಳಗಳು ಸುತ್ತುತ್ತಿದ್ದವು, ಯಾರದೋ ಮನೆಯ ಒಗ್ಗರಣೆಯ ವಾಸನೆ ಬರುತ್ತಿತ್ತು. ನಾನು ಬಾಗಿಲಲ್ಲೇ ಕುಸಿದು ಕೂತೆ. ಸವಿತಾ ನಿಜವಾಗಿ ಬಂದಾಗಲೂ ಅಲ್ಲೇ ಇದ್ದೆ.

"ಬಾಗ್ಲಾ ಹಾರಹೊಡದು ಇಲ್ಯಾಕ ಕುಂತೀರಿ? ಮೈಯೆಲ್ಲಾ ಬೆವತದಲ್ರೀ!" ಅಂತ ಹಣೆ ಮುಟ್ಟಿದಳು. ನಾನು ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಸೆಕೆ ಅಂದೆ. ಸತ್ಯ ಹೇಳುವುದಕ್ಕೆ ಬಾಯಿ ಬರಲಿಲ್ಲ. ಹೇಳಿದರೆ ಅವಳು ಪ್ರತಿ ರಾತ್ರಿ ಮೆಟ್ಟಿಲು ಹತ್ತುವಾಗ ಅದನ್ನೇ ನೆನೆಯುತ್ತಾಳೆ.

ಅವಳು ಅಡಿಗೆಮನೆಯಲ್ಲಿದ್ದಾಗ ಸ್ಕ್ರೂಡ್ರೈವರ್ ತೆಗೆದುಕೊಂಡು ಚಿಲಕವನ್ನೇ ಬಿಚ್ಚಿಹಾಕಿದೆ. ಹೊರಗಿನಿಂದಲೂ ಕೀಲಿ ಹಾಕಿ ತೆರೆಯಬಹುದಾದ ಬೀಗ ಒಂದೇ ಉಳಿಯಿತು. ಅವಳ ಹತ್ತಿರ ಒಂದು ಕೀಲಿ, ನನ್ನ ಹತ್ತಿರ ಒಂದು. ಚಿಲಕ ಎಲ್ಲಿ ಅಂದವಳಿಗೆ, ಸವೆದಿತ್ತು, ಹೊಸದು ತರುತ್ತೇನೆ ಅಂತ ತಳ್ಳಿಹಾಕಿದೆ. ಚಿಲಕವೇ ಇಲ್ಲದ ಮೇಲೆ ಆ ಸಂಜೆ ಬರುವುದಾದರೂ ಹೇಗೆ?

ಆ ವಾಲ್ವನ್ನು ಬಟ್ಟೆಯಲ್ಲಿ ಸುತ್ತಿ ವೆಂಕಟೇಶರಿಗೆ ಕೊಟ್ಟೆ. ಅವರು ತಮ್ಮ ಆಂಪಿಗೆ ಹಾಕಿ, ಬಿಸಿ ಮಾಡಿ, ಪೆನ್ಸಿಲಿನಿಂದ ತಟ್ಟಿದರು. ಸದ್ದಿಲ್ಲ. ಇನ್ನೂ ಜೋರಾಗಿ ತಟ್ಟಿದರು. ಏನೂ ಇಲ್ಲ.

"ಇದಕ್ಕೀಗ ಕಿವಿನೇ ಇಲ್ವಲ್ಲ ಸಾರ್! ಸಕ್ಕತ್ತಾಗಿದೆ, ಬೇಕಾದ್ರೆ ವಾಪಸ್ ತಗೊಂಡ್ಹೋಗಿ," ಅಂದರು.

ಬೇಡ ಅಂದೆ. ಹೇಳುವುದನ್ನೆಲ್ಲ ಹೇಳಿ ಮುಗಿಸಿತೋ ಏನೋ ಅನ್ನಿಸಿತು.

ಡಾಕ್ಟರ ಹತ್ತಿರ ಹೋದೆ. ಎದೆಯ ಪರೀಕ್ಷೆ, ರಕ್ತದ ಪರೀಕ್ಷೆ ಎಲ್ಲ ಮಾಡಿಸಿದೆ. ಸವಿತಾಳೇ ತನ್ನ ಲ್ಯಾಬಿನಲ್ಲಿ ನೋಡಿ, "ಕುದುರಿ ಇದ್ದಂಗ ಅದೀರಿ," ಅಂತ ನಕ್ಕಳು. ಆಂಪಿನ ಮೇಲೆ ಬೆಡ್‌ಶೀಟ್ ಹೊದಿಸಿಟ್ಟೆ. ದಿನ ಕಳೆದ ಹಾಗೆ ಧೈರ್ಯ ಬಂತು. ಅಂಥ ಸದ್ದು ಮಾಡುವ ಚಿಲಕ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ, ಇನ್ನು ಮೇಲೂ ಇರುವುದಿಲ್ಲ ಅಂತ ಸಮಾಧಾನ ಮಾಡಿಕೊಂಡು ನಿದ್ದೆ ಮಾಡುತ್ತಿದ್ದೆ.

ಹೋದ ವಾರ ಫ್ಯಾಕ್ಟರಿಯಿಂದ ಬಂದಾಗ ನಮ್ಮ ಬಾಗಿಲಲ್ಲಿ ಕೆಂಪಣ್ಣನವರು ನಿಂತಿದ್ದರು. ಇದೇ ಊರಿನ ಹಳಬರು, ಈ ಬೀದಿ ಹೊಲವಾಗಿದ್ದ ಕಾಲದಿಂದ ಇಲ್ಲೇ ಇರುವವರು, ಒಳ್ಳೆಯವರು. ಪಕ್ಕದ ಬೀದಿಯಲ್ಲಿ ಕಳ್ಳತನವಾಗಿತ್ತಂತೆ. ಸವಿತಾ ಅವರ ಪಕ್ಕದಲ್ಲಿ ಖುಷಿಯಾಗಿ ನಿಂತಿದ್ದಳು.

"ಏನಪ್ಪಾ ಮೂರ್ತಿ, ಚಿಲ್ಕ ಇಲ್ದೆ ಎಂಗಪ್ಪಾ ಮನೀಕಂತಿದ್ರಿ ಇಷ್ಟ್ ದಿನ? ಎಣ್ಮಗು ಏಳ್ತು. ಒಳ್ಳೆ ಸ್ಟೀಲಿಂದು ತಂದು ಆಕ್ಸಿದೀನಿ. ನೋಡಿಲ್ಲಿ, ಎಂಗೈತೆ!"

ಅವರು ಅದನ್ನು ಎಳೆದು ಹಾಕಿ ತೋರಿಸಿದರು.

ಕಿರ್ರ್ರ್... ಟಕ್, ಟಕ್.

ಬಿಚ್ಚಿಬಿಡಿ ಅಂದೆ. ಕೆಂಪಣ್ಣನವರು ಮುಖ ಗಂಟಿಕ್ಕಿದರು. "ತಲಿ ಕೆಟ್ಟದೇನ್ರೀ? ನನಗ ರಾತ್ರಿ ಹೆದರಿಕಿ ಆಗ್ತದ," ಅಂತ ಸವಿತಾ ಖಡಾಖಂಡಿತವಾಗಿ ಅಂದಳು. ಯಾಕೆ ಬೇಡ ಅನ್ನುವುದಕ್ಕೆ ನನ್ನ ಹತ್ತಿರ ಹೇಳುವಂಥ ಕಾರಣ ಒಂದೂ ಇರಲಿಲ್ಲ. ಎಲ್ಲದಕ್ಕೂ ಕಾರಣ ಹುಡುಕುವವನು ನಾನು!

ರಾತ್ರಿ ಅವಳೇ ಚಿಲಕ ಹಾಕುತ್ತಾಳೆ, ಬೆಳಿಗ್ಗೆ ಅವಳೇ ತೆಗೆಯುತ್ತಾಳೆ. ನಾನು ಅದನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಅವಳು ಒಳಗಿದ್ದಾಗ ನನಗೆ ಭಯವಿಲ್ಲ, ಸ್ಪೀಕರಿನಲ್ಲಿ ಅವಳ ದನಿ ಬಂದದ್ದು ಬಾಗಿಲ ಹೊರಗಿನಿಂದ. ಭಯವೆಲ್ಲ ಅವಳಿಗೆ ಸಂಜೆ ಡ್ಯೂಟಿ ಇದ್ದ ದಿನ.

ಇವತ್ತು ಸಂಜೆ ಡ್ಯೂಟಿ. ಇದನ್ನು ನಾನು ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬೆನ್ನ ಹಿಂದೆ ನಮ್ಮ ಮನೆಯ ಬಾಗಿಲು ಅರ್ಧ ತೆರೆದಿದೆ. ಒಳಗೆ ಕತ್ತಲು. ಮಧ್ಯಾಹ್ನದಿಂದ ಗಂಟಲು ಕೆರೆದು ಕೆಮ್ಮು ಬರುತ್ತಿದೆ, ಧೂಳಿಗಿರಬೇಕು. ಈಗಷ್ಟೇ ಕೆಂಪಣ್ಣನವರು ತಾರಸಿಯ ನೀರಿನ ಟ್ಯಾಂಕ್ ನೋಡಿಕೊಂಡು ಇಳಿದು ಬಂದರು.

"ಇಲ್ಯಾಕಪ್ಪಾ ಕುಂತೆ? ಸೊಳ್ಳೆ ಕಡೀತವೆ. ಒಳಕ್ಕೋಗಿ ಚಿಲ್ಕ ಆಕ್ಕೊಂಡು ಆರಾಮಾಗಿ ಕುಂತ್ಕ, ಓಗು," ಅಂದರು.

ಹೂಂ ಅಂದೆ. ಏಳಲಿಲ್ಲ.